ಬೆಂಕಿ ನೋಡದ ಬೀಗ

ಹಾಸಿಗೆ ಕಾರ್ಖಾನೆಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಹನ್ನೊಂದು ವರ್ಷ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತವಳು. ನಾಲಿಗೆಯೂ ಕೈಯಷ್ಟೇ ಹರಿತ. ಆದರೆ ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ಆ ನಾಲಿಗೆ ಒಣಗಿಹೋಗಿತ್ತು.

ಆ ಮಧ್ಯಾಹ್ನ ಹದಿನಾಲ್ಕು ಮಂದಿ ಹೊಗೆಯಲ್ಲಿ ಹಿಂಬಾಗಿಲಿಗೆ ಓಡಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ. ಬಡಿದು ಬಡಿದು ಸಾಕಾಗಿ, ಕೊನೆಗೆ ಕಿಟಕಿ ಒಡೆದು ಹೊರಬಿದ್ದರು. ಜೀವ ಹೋಗಲಿಲ್ಲ ನಿಜ, ಆದರೆ ಕತ್ತರಿಯ ಗೆಳತಿಯೊಬ್ಬಳ ಎರಡೂ ಕೈ ಸುಟ್ಟು ಬೆರಳು ಮಡಚದಂತಾದವು. ಬಾಗಿಲು ಸುಟ್ಟು ಬೂದಿಯಾಯಿತು. ಅದಕ್ಕೂ ಮೊದಲು ಬಾಗಿಲ ಸಂದಿಯಲ್ಲಿ ಇಣುಕಿ ಬೀಗವನ್ನು ಕಣ್ಣಾರೆ ಕಂಡಿದ್ದವಳು ಕತ್ತರಿ ಒಬ್ಬಳೇ. ಬೀಗ ಹಾಕಿರಲೇ ಇಲ್ಲ ಎಂದು ಮಾಲೀಕ ಹೇಳುತ್ತಿದ್ದ.

ಮಾಲೀಕನ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳುವ ದಿನ ಹತ್ತಿರವಾದಂತೆ ಅವಳಿಗೆ ಅನ್ನ ಇಳಿಯಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಧಸಕ್ಕೆನ್ನುತ್ತಿತ್ತು. ಮೂಗಿಗೆ ಇಲ್ಲದ ಹೊಗೆ ಬಡಿಯುತ್ತಿತ್ತು. ಅವಳ ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಸೊಸೆಯ ಪಾಡು ನೋಡಿ ಒಂದು ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಮನಸ್ಸು ಅಂಗಾಲು ಸುಟ್ಟ ಬೆಕ್ಕಿದ್ದ ಹಾಗೆ, ನಿಂತಲ್ಲಿ ನಿಲ್ಲಲ್ಲ. ಮೈ ಮಾತ್ರ ಇಲ್ಲೇ ಇರುತ್ತೆ. ಆಪರೇಷನ್‌ಗೆ ಹೋಗೋರಿಗೆ ನಾನು ಇದನ್ನೇ ಹೇಳ್ತಿದ್ದೆ. ಕಾಲ ಕೆಳಗೆ ಏನಿದೆ, ಕೈಗೆ ಏನು ತಗಲ್ತಿದೆ, ಕಣ್ಮುಂದೆ ಏನಿದೆ, ಒಂದೊಂದಾಗಿ ನೋಡು. ಉಸಿರು ತಾನಾಗೇ ಹತೋಟಿಗೆ ಬರುತ್ತೆ."

"ಅಷ್ಟಕ್ಕೇ ಭಯ ಹೋಗಿಬಿಡುತ್ತಾ ಅತ್ತೆ?"

"ಹೋಗಲ್ಲ ಕಣೇ. ಸ್ವಲ್ಪ ಪಕ್ಕಕ್ಕೆ ಸರಿದು ಕೂತ್ಕೊಳ್ಳುತ್ತೆ. ಬಂದ ನೆಂಟರೆಲ್ಲ ಎದ್ದು ಹೋಗ್ತಾರಾ? ಅವರನ್ನ ಕೂರಿಸಿಕೊಂಡೇ ಮನೆ ಕೆಲಸ ಮಾಡಲ್ವಾ?"

ನ್ಯಾಯಾಲಯದ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಮುಂದಿನ ಬೆಂಚಿನಲ್ಲಿ ಗೆಳತಿ ಸುಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮಾಲೀಕನ ವಕೀಲ ಮೊದಮೊದಲು ಬೆಣ್ಣೆಯಂತೆ ಮಾತಾಡಿದ.

"ಅಮ್ಮಾ, ಅವತ್ತು ತುಂಬಾ ಗಾಬರಿಯಾಗಿದ್ರಿ ಅಲ್ವಾ?"

"ಹೌದು."

"ಹೊಗೆ ಬೇರೆ. ಕಣ್ಣು ಬಿಡೋಕೂ ಆಗ್ತಿರಲಿಲ್ಲ. ಆದರೂ ಸಂದಿಯಲ್ಲಿ ಬೀಗ ಕಾಣಿಸ್ತು?"

ಅವಳು ಉತ್ತರಿಸುವ ಮೊದಲೇ ಅವನು ಚೀಲದಿಂದ ಮಸಿ ಹಿಡಿದ ಬೀಗವೊಂದನ್ನು ತೆಗೆದು ಮೇಜಿನ ಮೇಲೆ ಧಡ್ ಎಂದು ಕುಕ್ಕಿದ. "ಇದು ಬೂದಿಯಲ್ಲಿ ಸಿಕ್ಕಿದ ಬೀಗ. ನೋಡಿ, ತೆರೆದೇ ಇದೆ. ಕೊಂಡಿಗೆ ಸುಮ್ಮನೆ ನೇತಾಡ್ತಿತ್ತು. ತಳ್ಳಿದ್ರೆ ಬಾಗಿಲು ತೆರೆಯೋದು!" ಎನ್ನುತ್ತ ಮತ್ತೊಮ್ಮೆ ಕುಕ್ಕಿದ.

ಆ ಸದ್ದಿಗೆ ಕತ್ತರಿ ಆ ಕೋಣೆಯಲ್ಲಿ ಇಲ್ಲವಾದಳು. ಹದಿನಾಲ್ಕು ಜನರ ಮುಷ್ಟಿಗಳು ಬಾಗಿಲು ಬಡಿಯುತ್ತಿದ್ದವು. ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

"ನೋಡಿದ್ರಾ ಸ್ವಾಮಿ," ವಕೀಲ ನ್ಯಾಯಾಧೀಶರತ್ತ ತಿರುಗಿದ. "ಇಲ್ಲೇ ಹೀಗಾದ್ರೆ, ಅವತ್ತು ಇವರು ಏನು ನೋಡಿರೋಕೆ ಸಾಧ್ಯ?"

ಆ ಮಾತು ದೂರದಿಂದ ಬಂದಂತೆ ಕೇಳಿಸಿತು. ಅದು ಕೇಳಿಸಿದ್ದೇ ತಡ ಅವಳೊಳಗೆ ಏನೋ ಸೆಟೆದು ನಿಂತಿತು. ನನ್ನ ಭಯವನ್ನೇ ನನ್ನ ಮೇಲೆ ಸುಳ್ಳು ಸಾಕ್ಷಿ ಮಾಡ್ತಾನಾ ಇವನು? ಅವಳು ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತಳು.

"ಇದು ನ್ಯಾಯಾಲಯ, ನಿಮ್ಮ ಮನೆಯಲ್ಲ," ವಕೀಲ ಗದರಿದ.

"ನನಗೆ ಒಂದು ನಿಮಿಷ ಬೇಕು ಸ್ವಾಮಿ," ಅವಳು ಅವನನ್ನು ನೋಡದೆ ಹೇಳಿದಳು. "ಉತ್ತರ ಕೊಡ್ತೀನಿ. ಇವರ ಅವಸರಕ್ಕಲ್ಲ."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ತಗೊಳ್ಳಿ," ಎಂದರು.

ಕಾಲ ಕೆಳಗೆ ಕಲ್ಲು, ತಣ್ಣಗಿದೆ. ಕೈಯಲ್ಲಿ ಕಟಕಟೆಯ ಮರ, ಅಂಚಿನಲ್ಲಿ ಬಣ್ಣ ಕಿತ್ತಿದೆ. ಫ್ಯಾನು ಪ್ರತಿ ಸುತ್ತಿಗೂ ಒಮ್ಮೆ ಟಕ್ಕೆನ್ನುತ್ತದೆ. ಹೊಗೆ ಇಲ್ಲ. ಟೈಪಿಸ್ಟನ ಲೋಟದಲ್ಲಿ ಅರ್ಧ ಕುಡಿದ ಚಹಾ. ಕಣ್ಣ ಮುಂದೆ ಮೇಜು. ಮೇಜಿನ ಮೇಲೆ ಬೀಗ.

ಅವಳು ಬೀಗವನ್ನು ನೋಡಿದಳು. ಈ ಸಲ ಹನ್ನೊಂದು ವರ್ಷ ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕಿದ ಕಣ್ಣಿನಿಂದ ನೋಡಿದಳು.

"ಅದನ್ನ ಸ್ವಲ್ಪ ಕೈಗೆ ಕೊಡಿ."

ವಕೀಲ ಹಿಂದೆಮುಂದೆ ನೋಡಿದ. ನ್ಯಾಯಾಧೀಶರು ತಲೆಯಾಡಿಸಿದ ಮೇಲೆ ಕೊಡಲೇಬೇಕಾಯಿತು. ಅವಳು ಬೀಗವನ್ನು ಬೆಳಕಿಗೆ ತಿರುಗಿಸಿದಳು.

"ಬಾಗಿಲು ಬೂದಿಯಾಗುವಷ್ಟು ಬೆಂಕಿಯಲ್ಲಿ ಇದು ಬಿದ್ದಿತ್ತು ಅಂತೀರಾ?"

"ಪ್ರಶ್ನೆ ಕೇಳೋನು ನಾನು!"

"ಸರಿ, ಉತ್ತರಾನೇ ತಗೊಳ್ಳಿ. ಮೇಲೆಲ್ಲ ಮಸಿ ಇದೆ. ಆದ್ರೆ ಕೀಲಿಕೈ ಹಾಕೋ ತೂತಲ್ಲಿ ಎಣ್ಣೆ ಇನ್ನೂ ಹಸಿಯಾಗಿದೆ. ನಮ್ಮ ಹೊಲಿಗೆ ಯಂತ್ರದ ಕಬ್ಬಿಣವೇ ಸೊಟ್ಟಗಾಯ್ತು ಸ್ವಾಮಿ, ಈ ಎಣ್ಣೆ ಒಣಗಲಿಲ್ವಂತೆ. ಈ ಬೀಗ ಬೆಂಕೀನೇ ನೋಡಿಲ್ಲ."

ಕೋಣೆಯಲ್ಲಿ ಗುಸುಗುಸು ಎದ್ದಿತು. ನ್ಯಾಯಾಧೀಶರು ಬೀಗ ತರಿಸಿಕೊಂಡು ತೂತಿಗೆ ಬೆರಳೊತ್ತಿ, ಬೆರಳ ತುದಿ ನೋಡಿಕೊಂಡರು. ತಜ್ಞರ ಪರೀಕ್ಷೆಗೆ ಕಳಿಸಿ ಎಂದು ಬರೆಸಿದರು.

ವಕೀಲ ಕೊನೆಯ ಬಾಣ ಬಿಟ್ಟ. "ಗಾಬರಿಯಲ್ಲಿದ್ದೆ ಅಂತ ನೀವೇ ಒಪ್ಪಿದ್ರಲ್ಲ?"

"ಗಾಬರಿಯಲ್ಲಿದ್ದೆ. ಅದಕ್ಕೇ ಸಂದಿಗೆ ಕಣ್ಣಿಟ್ಟೆ. ಬಾಗಿಲಿಗೆ ಬೀಗ ಹಾಕಿತ್ತು. ಇನ್ನೂ ನೂರು ಸಲ ಕೇಳಿ, ಇದನ್ನೇ ಹೇಳ್ತೀನಿ."

ಟೈಪಿಸ್ಟು ಆ ಮಾತನ್ನು ಅವಳು ಹೇಳಿದಂತೆಯೇ ಟೈಪ್ ಮಾಡಿದ.

ಎರಡು ತಿಂಗಳ ನಂತರ ತೀರ್ಪು ಮಾಲೀಕನ ವಿರುದ್ಧವೇ ಬಂತು. ಆದರೆ ಅದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಸಾಕ್ಷಿ ಮುಗಿಸಿ ಹೊರಗಿನ ಮೊಗಸಾಲೆಗೆ ಬಂದಾಗ ಅವಳ ಕೈಕಾಲು ಗಡಗಡ ನಡುಗತೊಡಗಿದವು. ಗೆಳತಿ ಮಡಚದ ಬೆರಳುಗಳಿಂದಲೇ ಅವಳ ತೋಳು ಹಿಡಿದಳು. ಕಾರ್ಖಾನೆಯ ಮ್ಯಾನೇಜರು ದಾರಿಗೆ ಅಡ್ಡ ನಿಂತ.

"ಭಾರಿ ಮಾತಾಡಿದೆ. ನಾಳೆಯಿಂದ ಈ ಊರಲ್ಲಿ ಯಾರು ಕೆಲಸ ಕೊಡ್ತಾರೆ ನೋಡೋಣ."

"ನಾಳೆ ಬಂದಾಗ ನೋಡ್ಕೊಳ್ತೀನಿ," ಕತ್ತರಿ ನಡುಕವನ್ನು ಮುಚ್ಚಿಡದೆಯೇ ಹೇಳಿದಳು. "ಈಗ ಹೊಟ್ಟೆ ಹಸಿದಿದೆ. ಸರೀರಿ ಆಚೆ."