ಸೊಂಟಕ್ಕೆ ಸುತ್ತಿದ ಬಳ್ಳಿ

"ಒಂದು ಸಾವಂದ್ರೆ ಎಷ್ಟಾಗುತ್ತೆ ಗೊತ್ತಾ ನಿಂಗೆ?" ಎನ್ನುತ್ತ ಮಕೆಲೆಸಿ ಕಾದ ಕಲ್ಲೊಂದನ್ನು ಕವೆಗೋಲಿನಿಂದ ಒಲೆಯ ಗುಂಡಿಗೆ ದೂಡಿದಳು. "ದೊಡ್ಡ ಹಂದಿ ಎರಡು. ಮರಿಗಳನ್ನ ಲೆಕ್ಕಕ್ಕೇ ಹಿಡೀಬೇಡ. ನಮ್ಮಮ್ಮ ವರ್ಷಗಟ್ಟಲೆ ಕೂತು ಹೆಣೆದ ಚಾಪೆ. ತೊಗಟೆ ಬಡಿದು ಮಾಡಿದ ಬಟ್ಟೆ, ಇಲ್ಲಿಂದ ಇಗರ್ಜಿವರೆಗೂ ಹಾಸ್ಬಹುದು. ಸಾಲದು ಅಂತ ನಮ್ಮ ತಲೆಗೂದಲು."

"ಕೂದಲು ಮತ್ತೆ ಬೆಳೆಯುತ್ತೆ ಬಿಡಕ್ಕ," ಎಂದಳು ಸಿಯಾಲೆ.

"ನಿನ್ನ ವಯಸ್ಸಿಗೆ ಬೆಳೆಯುತ್ತೆ. ನಂದು ಹೋದ್ರೆ ಹೋಯ್ತು."

ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಒಳಗೆ ಚಾಪೆಗಳ ಮೇಲೆ ಮಲಗಿಸಿದ್ದ ಲೊಸಾಲಿನೆ ಅವರ ಸೋದರತ್ತೆ. ವವಾವು ದ್ವೀಪದಲ್ಲಿ ಸೋದರತ್ತೆಗಿಂತ ದೊಡ್ಡವರು ಯಾರೂ ಇಲ್ಲ. ಹಾಗಾಗಿ ಆಕೆ ಸತ್ತ ದಿನ ಅಣ್ಣತಮ್ಮಂದಿರ ಮಕ್ಕಳಿಗಿಂತ ಸಣ್ಣವರೂ ಯಾರೂ ಇಲ್ಲ. ಎದೆಯಿಂದ ಪಾದದವರೆಗೆ ಹರಕು ಚಾಪೆ ಸುತ್ತಿ, ಸೊಂಟಕ್ಕೆ ನಾರಿನ ಹಗ್ಗ ಬಿಗಿದು, ಹಿತ್ತಿಲ ಹೊಗೆಯಲ್ಲಿ ಬೇಯಿಸುವುದು ಅವರ ಪಾಲಿನ ಕೆಲಸ. ಹೆಣ ಮುಟ್ಟುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಹೋದ ವಾರದವರೆಗೂ ಅತ್ತೆಗೆ ಗಂಜಿ ಕುಡಿಸಿ, ಮೈ ಒರೆಸಿ, ಪಕ್ಕದಲ್ಲೇ ಮಲಗುತ್ತಿದ್ದ ಸಿಯಾಲೆ ಈಗ ಗೋಡೆಯಾಚೆಯ ಪ್ರಾರ್ಥನೆಯನ್ನು ಹೊಗೆಯಲ್ಲಿ ನಿಂತು ಕೇಳಬೇಕಾಗಿತ್ತು.

ವಿಲಿಸೋನಿ ಹಿತ್ತಿಲಿಗೆ ಬಂದ. ಲೊಸಾಲಿನೆಯ ತೀರಿಹೋದ ಗಂಡನ ತಮ್ಮನ ಮಗ. ಕಪ್ಪು ಅಂಗಿ, ಮೆಲು ಮಾತು.

"ಸಿಯಾಲೆ, ದೊಡ್ಡಮ್ಮನ ಪಾತ್ರೆ, ಕಂಬಳಿ, ಹೊಲಿಗೆ ಮಿಷನ್ನು, ಎಲ್ಲ ನೀನೇ ತಗೊಂಡ್ಹೋಗು. ನಂಗೇನೂ ಬೇಡ. ತೋಟಕ್ಕೆ ಮಾತ್ರ ಕೈ ಹಾಕ್ಬೇಡ. ಒಂದು ಗೇಣು ವೆನಿಲ್ಲಾ ಬಳ್ಳಿನೂ ಆಚೆ ಹೋಗೋದು ಬೇಡ. ನಾಳೆ ಬೆಳಿಗ್ಗೆ ಬೇಲಿ ಹಾಕಿಸ್ತೀನಿ."

"ಆ ಬಳ್ಳಿ ಅತ್ತೆ ನೆಟ್ಟಿದ್ದಲ್ವಾ ಅಣ್ಣ?"

"ಅಲ್ಲ ಅಂದೋರು ಯಾರು? ನೆಟ್ಟಿದ್ದು ಅವರೇ. ನೆಲ ನಮ್ಮ ಮನೇದು. ನೆಲದಲ್ಲಿರೋದು ನೆಲದ್ದು. ಕಾನೂನು ನಾನು ಬರೆದಿದ್ದಲ್ಲಮ್ಮ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಜಗಳಕ್ಕೆ ಎಡೆಯೂ ಇರಲಿಲ್ಲ. ಅಲ್ಲಿ ನೆಲ ಗಂಡಸಿನಿಂದ ಗಂಡಸಿಗೆ ಹೋಗುತ್ತದೆ. ಗಂಡ ಸತ್ತವಳು ತಾನು ಸಾಯುವವರೆಗೆ ಉಣ್ಣಬಹುದು. ಇನ್ನೊಬ್ಬನನ್ನು ಕಟ್ಟಿಕೊಂಡರೆ ಅದೂ ಇಲ್ಲ.

* * *

ಸಿಯಾಲೆಗೆ ಹತ್ತು ವರ್ಷವಿದ್ದಾಗ ಮೀನಿನ ದೋಣಿಯವನೊಬ್ಬ ಅತ್ತೆಯನ್ನು ಮದುವೆಗೆ ಕೇಳಿಕೊಂಡು ಬಂದಿದ್ದ. ಅವನ ಮಾತಿಗೆ ಅತ್ತೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದುದನ್ನು ಅವಳು ಕಂಡಿದ್ದಳು. ಆದರೂ ಅವನು ಬರಿಗೈಲಿ ಹೋದ.

ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ವೆನಿಲ್ಲಾ ಹೂವಿನ ಮುಂದೆ ನಿಂತಿದ್ದಳು. ಆ ಹೂವಿಗೆ ಈ ದ್ವೀಪದಲ್ಲಿ ದುಂಬಿಯಿಲ್ಲ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಒಂದೊಂದನ್ನೂ ಕಡ್ಡಿಯಿಂದ ಬಿಡಿಸಿ, ಹೆಬ್ಬೆರಳಲ್ಲಿ ಒತ್ತಿ, ಗಂಡುಹೆಣ್ಣನ್ನು ಕೂಡಿಸಬೇಕು. ಇಲ್ಲವಾದರೆ ಉದುರುತ್ತದೆ, ಕಾಯಿಯ ಕೋಡು ಕಟ್ಟುವುದಿಲ್ಲ.

"ಅತ್ತೆ, ನಿಮಗೆ ಬೇಜಾರಾಗ್ಲಿಲ್ವಾ?"

"ಆಗಿದೆ. ಆದ್ರೆ ಈ ಹೂವು ಮಧ್ಯಾಹ್ನದವರೆಗೂ ಇರಲ್ಲ. ಬೇಜಾರು ಸಂಜೆ ಮಾಡ್ಕೊಂಡ್ರಾಯ್ತು."

ಊರ ಹೆಂಗಸರು ಆಡಿಕೊಂಡರು: "ತನಗೆ ಗಂಡ ಬೇಡ್ವಂತೆ, ಹೂವಿಗೆ ಮಾತ್ರ ದಿನಾ ಮದುವೆ ಮಾಡಿಸ್ತಾಳೆ." ಅದು ಕಿವಿಗೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಲೊಸಾಲಿನೆಯೇ. ಅವಳಿಗೆ ಬೇಕಾಗಿದ್ದುದು ಒಂದೇ. ಹಸಿ ಕೋಡನ್ನು ವ್ಯಾಪಾರಿಗೆ ಸುರಿಯುವ ಬದಲು ತಾನೇ ಹದ ಮಾಡಿ, ತನ್ನ ಹೆಸರಿನ ಡಬ್ಬಿಯಲ್ಲಿ ಸಮುದ್ರ ದಾಟಿಸಬೇಕು. ಮೊದಲ ಸಲ ಕಂಬಳಿಯಲ್ಲಿ ಸುತ್ತಿಟ್ಟ ಕೋಡೆಲ್ಲ ಬೂಷ್ಟು ಹಿಡಿಯಿತು. ಎರಡನೆಯ ಸಲ ಕೊಯ್ಲಿಗೆ ಮುಂಚೆ ಚಂಡಮಾರುತ ಬಂತು.

ಗಾಳಿ ನಿಂತ ಬೆಳಿಗ್ಗೆ ಮನೆಗೆ ಸೂರಿರಲಿಲ್ಲ. ಅತ್ತೆ ಬಿದ್ದ ಮರಗಳ ನಡುವೆ ಮಂಡಿಯೂರಿ, ಬೇರು ಕಳಚದೆ ಹಿಡಿದುಕೊಂಡಿದ್ದ ಬಳ್ಳಿ ಯಾವುದೆಂದು ತಡವುತ್ತಿದ್ದಳು.

"ಅತ್ತೆ, ಮೊದಲು ಮನೆ ನೋಡ್ಕೋಬೇಡ್ವಾ?"

"ಮನೆ ಹೂ ಬಿಡುತ್ತೇನೇ? ಬಾ, ಇದನ್ನ ಹಿಡ್ಕೋ. ಇಷ್ಟು ಗಾಳಿಗೂ ಬಿಡದೆ ನಿಂತಿದೆ. ಇನ್ಮೇಲೆ ಇದೊಂದೇ ತಳಿ."

ಆ ಒಂದು ಬಳ್ಳಿಯಿಂದಲೇ ಈಗಿನ ತೋಟವೆಲ್ಲ ಎದ್ದದ್ದು. ಹೆಸರಿನ ಡಬ್ಬಿ ಹೊರಟಾಗ ಅತ್ತೆಯ ತಲೆ ಬೆಳ್ಳಗಾಗಿತ್ತು.

* * *

ಒಲೆಯ ಗುಂಡಿ ಮುಚ್ಚಲು ಬಾಳೆ ಎಲೆ ಬೇಕಿತ್ತು. ಬಾಳೆ ಇದ್ದದ್ದು ತೋಟದ ಅಂಚಿನಲ್ಲಿ. ಸಿಯಾಲೆ ಹೋದಳು.

ಆ ಬೆಳಿಗ್ಗೆ ಬಿರಿದ ಹೂವುಗಳು ಸಾಲುಸಾಲಾಗಿ, ಬಾಗಿಲು ತೆಗೆದು ಯಾರನ್ನೋ ಕಾಯುತ್ತಿರುವವರಂತೆ ಹೊರಗೆ ಬಾಗಿದ್ದವು. ಮನೆಯ ಕಡೆಯಿಂದ ಹಾಡು ಕೇಳುತ್ತಿತ್ತು. ಇಲ್ಲಿ ಮಾತ್ರ ಗಾಳಿಯೂ ಇರಲಿಲ್ಲ. ಸಾವಿನ ಮನೆಯವರು ತೋಟದ ಕೆಲಸ ಮುಟ್ಟಬಾರದು. ಅದು ಗೊತ್ತಿದ್ದೂ ಅವಳ ಕೈ ಹತ್ತಿರದ ಹೂವಿಗೆ ಹೋಗಿತ್ತು. ಹೆಬ್ಬೆರಳು ಒತ್ತಿತು. ಅಷ್ಟು ಹಗುರವಾಗಿ, ಅಷ್ಟು ಸಲೀಸಾಗಿ ಅವಳು ಎಂದೂ ಒತ್ತಿದವಳಲ್ಲ. ಹಾಗೆ ಒತ್ತುತ್ತಿದ್ದವಳು ಅತ್ತೆ. ಬೆನ್ನ ಹಿಂದೆ ಯಾರೋ ಮೂಗಿನಲ್ಲಿ ಉಸಿರು ಬಿಟ್ಟರು, ಕೆಲಸ ಒಪ್ಪಿಗೆಯಾದಾಗ ಬಿಡುವ ಹಾಗೆ. ಸಿಯಾಲೆ ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇಲ್ಲದೆ ಹೋದಾರು ಎಂಬುದೇ ಅವಳ ಭಯ.

ಮರುಗಳಿಗೆಯಲ್ಲಿ ಅವಳು ಬಳ್ಳಿ ಮುರಿಯುತ್ತಿದ್ದಳು. ದಪ್ಪನೆಯದು, ಹೂವಿಲ್ಲದ್ದು. ಚಾಪೆ ಸಡಿಲಿಸಿ ಬರಿ ಸೊಂಟಕ್ಕೆ ಸುತ್ತಿಕೊಂಡು ಮೇಲೆ ಚಾಪೆ ಬಿಗಿದಳು. ಬಾಳೆ ಎಲೆ ಹೊತ್ತು ಒಲೆಯ ಬಳಿ ಬರುವಷ್ಟರಲ್ಲಿ ಬಳ್ಳಿಯ ಹಾಲು ಚರ್ಮಕ್ಕೆ ಹತ್ತಿ ಉರಿಯತೊಡಗಿತ್ತು.

"ಯಾಕೇ ಹಾಗೆ ನೆಟ್ಟಗೆ ನಿಂತಿದ್ದೀಯ, ಮದುವೆ ಹೆಣ್ಣಿನ ಹಾಗೆ?" ಎಂದಳು ಮಕೆಲೆಸಿ. ಸಿಯಾಲೆ ಅವಳ ಕೈ ಹಿಡಿದು ಚಾಪೆಯೊಳಗೆ ಮುಟ್ಟಿಸಿದಳು.

"ಅಯ್ಯೋ, ಹುಚ್ಚಾ ನಿಂಗೆ? ಸಿಕ್ಕಿಬಿದ್ರೆ ಅತ್ತೆ ಹೆಣದ ಮುಂದೆ ಕಳ್ಳಿ ಅನ್ನಿಸ್ಕೋತೀಯ. ನಿಮ್ಮಪ್ಪ ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ."

"ಗೊತ್ತು. ನಾಳೆ ಬೇಲಿ ಬಂದ್ರೆ ಮತ್ತೆ ಸಿಗಲ್ಲ. ನಂಗೆ ಬೇರೆ ಕಸುಬು ಬರಲ್ಲ ಅಕ್ಕ. ಬೇಕಾಗೂ ಇಲ್ಲ."

ಮಕೆಲೆಸಿ ಕವೆಗೋಲು ಕೆಳಗಿಟ್ಟಳು. "ಆ ಕಡ್ಡಿಯಂಥ ಸೊಂಟಕ್ಕೆ ಎಷ್ಟು ಹಿಡಿಸುತ್ತೆ? ಒಂದು ಪಾತಿಗೂ ಸಾಲಲ್ಲ. ನಂದು ನೋಡು. ದೇವರು ಸುಮ್ಮನೆ ಕೊಟ್ಟಿರಲ್ಲ."

ಆಮೇಲೆ ಮಕೆಲೆಸಿ, ಅವಳ ಹಿಂದೆ ಹಿತ್ತಿಲಲ್ಲಿ ಹರಕು ಚಾಪೆ ಸುತ್ತಿದ್ದ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಾಳೆ ಎಲೆಗೆ ಹೋಗಿ ಬಂದರು. ಎಲೆ ಗುಡ್ಡೆ ಬಿತ್ತು.

ಶವದ ತಲೆದೆಸೆಯಲ್ಲಿ ಕೂತಿದ್ದವಳು ವಾಯೋಲಾ. ಲೊಸಾಲಿನೆಯ ಕುಲಕ್ಕೆಲ್ಲ ಹಿರಿಯಳು. ಅಂದು ಅಲ್ಲಿ ಅವಳ ಮಾತೇ ಮಾತು. ಕೂದಲು ಕತ್ತರಿಸಲು ಅವಳು ಬಾಗಿಲಿಗೆ ಬಂದಳು. ಸಿಯಾಲೆ ಹೊಸ್ತಿಲ ಹೊರಗೆ ಮಂಡಿಯೂರಿದಳು. ಒಳಗೆ ಮಡಿಸಿಟ್ಟ ಚಾಪೆಗಳ ನಡುವೆ ಅತ್ತೆಯ ಪಾದಗಳಷ್ಟೇ ಕಂಡವು. ಮೂರು ಹೆಜ್ಜೆಯಾಚೆ ವಿಲಿಸೋನಿ ನಿಂತಿದ್ದ.

ವಾಯೋಲಾ ಒಂದು ಕೈ ಅವಳ ಬೆನ್ನಿಗೆ ಊರಿದಳು. ಆ ಕೈ ಕೆಳಗೆ ಜಾರಿ ಚಾಪೆಯ ಉಬ್ಬಿನ ಮೇಲೆ ನಿಂತಿತು. ಮತ್ತೊಮ್ಮೆ ತಡವಿತು. ಕತ್ತರಿ ಗಾಳಿಯಲ್ಲೇ ನಿಂತುಬಿಟ್ಟಿತು. ಸಿಯಾಲೆ ಕಣ್ಣು ಮುಚ್ಚಿದಳು. ಉರಿ ತಡೆಯಲಾರದೆ ಅವಳ ಬೆರಳು ತಾನಾಗಿ ಸೊಂಟದತ್ತ ಹೊರಟಿತ್ತು.

"ಏನೋ ಹಸಿ ವಾಸನೆ ಬರ್ತಿದೆಯಲ್ಲ," ಎಂದ ವಿಲಿಸೋನಿ.

"ಸತ್ತವರ ಮನೇಲಿ ಮೂಗು ಸುಮ್ಮನಿಟ್ಕೋಬೇಕು ಮಗ," ಎಂದಳು ವಾಯೋಲಾ ತಲೆ ಎತ್ತದೆ. ಆಮೇಲೆ ಬಗ್ಗಿ ಸಿಯಾಲೆಯ ಕಿವಿಯಲ್ಲಿ, "ಕೆರ್ಕೋಬೇಡ. ತಲೆ ಬಗ್ಗಿಸು," ಎಂದಳು.

ಜಡೆ ಇಡಿಯಾಗಿ ಮಡಿಲಿಗೆ ಬಿತ್ತು.

ಸ್ಮಶಾನದಲ್ಲಿ ಪಾದ್ರಿ ಬಹಳ ಹೊತ್ತು ಪ್ರಾರ್ಥಿಸಿದರು. ಕೆಳಗೆ ಕೊಲ್ಲಿಯಲ್ಲಿ ತಿಮಿಂಗಿಲವೊಂದು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ಉಸಿರು ಬಿಡುತ್ತಿತ್ತು. ಹರಕು ಚಾಪೆಯ ಹೆಂಗಸರು ಕೈಗಳನ್ನು ಮುಂದೆ ಕಟ್ಟಿಕೊಂಡು ಕದಲದೆ ನಿಂತಿದ್ದರು. ಮಕೆಲೆಸಿಯ ಕಣ್ಣಿಂದ ನೀರು ಧಾರೆಯಾಗಿ ಹರಿಯಿತು, ತುಟಿ ಅದುರಿತು.

"ಪಾಪ, ಸೋದರತ್ತೆ ಅಂದ್ರೆ ಎಷ್ಟು ಜೀವ ನೋಡು," ಎಂದಳು ಹಿಂದೆ ನಿಂತ ಹೆಂಗಸು.

"ಜೀವ ಹೋಗ್ತಿದೆ," ಎಂದಳು ಮಕೆಲೆಸಿ ಹಲ್ಲು ಕಚ್ಚಿ.

ಸಿಯಾಲೆಗೆ ಮಾತ್ರ ಅಳು ಬರಲಿಲ್ಲ. ಬಿಳಿ ಮರಳು ಗುಂಡಿಗೆ ಬೀಳುವಾಗಲೂ ಸೊಂಟದ ಸುತ್ತ ಯಾರೋ ತೋಳು ಬಳಸಿ ಬಿಗಿಯಾಗಿ ಹಿಡಿದುಕೊಂಡಂತಿತ್ತು, ಬಿಡುತ್ತಿರಲಿಲ್ಲ.

ಸಂಜೆ ಹೆಂಗಸರೆಲ್ಲ ಸಿಯಾಲೆಯ ತಂದೆಯ ಮನೆಯ ಅಡುಗೆ ಗುಡಿಸಲಲ್ಲಿ ಸೇರಿ ಚಾಪೆ ಬಿಚ್ಚಿದರು. ಎಲ್ಲರ ಸೊಂಟದ ಸುತ್ತಲೂ ಕೆಂಪು ಬಾಸುಂಡೆ. ಬೈದುಕೊಂಡು, ನಕ್ಕು, ತೆಂಗಿನೆಣ್ಣೆ ಬಳಿದುಕೊಂಡರು. ಅಕ್ಕತಂಗಿಯರಿರುವ ಕಡೆ ಅಣ್ಣತಮ್ಮಂದಿರು ಕಾಲಿಡುವುದಿಲ್ಲ. ಸಿಯಾಲೆಯ ಅಣ್ಣ ಹೊರಗೆ ಕತ್ತಲಾಗುತ್ತಿದ್ದ ಅಂಗಳದಲ್ಲೇ ನಿಂತು ಕೇಳಿದ:

"ಶಾಲೆ ಹಿಂದಿನ ಜಾಗ ಸಾಕಾ? ನೆಲ ನನ್ನ ಹೆಸರಲ್ಲೇ ಇರುತ್ತೆ. ಅದಕ್ಕೇನೂ ಮಾಡೋಕಾಗಲ್ಲ."

"ಸಾಕಣ್ಣ."

ನೆಲ ಹೋಗಿತ್ತು. ಆ ದಿನದ ಹೂವು ಉದುರಿತ್ತು, ಒಂದರ ಹೊರತು. ಜಡೆ ಹೋಗಿತ್ತು. ಸಿಕ್ಕಿದ್ದು ಆ ಒಂದು ತಳಿಯ ಬಳ್ಳಿ. ಅದು ಹೂ ಬಿಡುವುದಕ್ಕೆ ಇನ್ನು ಮೂರು ವರ್ಷ.

ನೆಡುವ ಮುಂಚೆ ಬಳ್ಳಿ ನೆರಳಲ್ಲಿ ಬಾಡಬೇಕು. ಎಲ್ಲರೂ ಹೋದ ಮೇಲೆ ಸಿಯಾಲೆ ಒಂದೊಂದನ್ನೇ ತೊಲೆಗೆ ತೂಗುಹಾಕಿದಳು. ದಿನವೆಲ್ಲ ಮೈಗೆ ಸುತ್ತಿಕೊಂಡಿದ್ದಕ್ಕೋ ಏನೋ ಅವು ನೆಟ್ಟಗಾಗಲಿಲ್ಲ. ಮಕೆಲೆಸಿಯದು ಅಗಲವಾಗಿ, ಉಳಿದವು ಅವರವರ ಅಳತೆಗೆ, ಹೊಗೆ ಕಟ್ಟಿದ ಗುಡಿಸಲಲ್ಲಿ ಹೆಂಗಸರ ಸೊಂಟಗಳು ಸಾಲಾಗಿ ತೂಗುತ್ತಿದ್ದವು, ಒಳಗೆ ಯಾರೂ ಇಲ್ಲದೆ.