ಹಾರಲೊಲ್ಲದ ರಾಜ

ಪುಣೆಯ ಹತ್ತಿರ ಚಾಕಣದಲ್ಲಿರುವ ನನ್ನ ಹೆಂಡತಿಯ ತಮ್ಮ ಮಲಕಪ್ಪ, ಹೊಸ ಮನೆಯ ಊಟದಲ್ಲಿ ನನಗಿಂತ ಮೊದಲು ತನ್ನ ಕಾರ್ಖಾನೆಯ ಸಾಹೇಬನಿಗೆ ಎಲೆ ಹಾಕಿದ. ನಾನು ಉಣ್ಣದೆ ಎದ್ದು ಬಂದೆ. ನಾಗರ ಪಂಚಮಿ ಹತ್ತಿರ ಬಂದರೂ ಅಕ್ಕ ತ್ರಿವೇಣಿಯನ್ನು ಹಬ್ಬಕ್ಕೆ ಕರೆಯಲು ಅವನು ಬರಲಿಲ್ಲ. ಕರೆಯದೆ ಕಳಿಸುವವನು ನಾನಲ್ಲ. ತ್ರಿವೇಣಿ ತವರಿಗೆಂದು ಉಂಡಿ ಕಟ್ಟಿ ಡಬ್ಬಿ ತುಂಬಿಟ್ಟು, ನನ್ನ ಸಂಗಡ ಮಾತು ಬಿಟ್ಟಳು.

ಮಗಳು ಸ್ನೇಹಲ್ ದಾರಿ ಹುಡುಕಿದಳು. ಇಂಟರ್‌ನೆಟ್ಟಿನಲ್ಲಿ ಚದುರಂಗ, ಒಬ್ಬೊಬ್ಬರಿಗೆ ಐದೇ ನಿಮಿಷ. ಸೋತವನು ಗೆದ್ದವನ ಮನೆಗೆ ತಾನಾಗಿ ಹೋಗಬೇಕು. ಮಲಕಪ್ಪ ಫೋನಿನಲ್ಲಿ ಒಪ್ಪಿದ. ಅವನೂ ನನ್ನ ಹಾಗೆ ಊರ ಕಟ್ಟೆಯ ಮೇಲೆ ಆಟ ಕಲಿತವನು.

ನನ್ನ ಹಂಚಿಕೆ ಸರಳವಾಗಿತ್ತು. ರಾಜನ ಪಕ್ಕದ ಕಾಲಾಳನ್ನು ಪುಕ್ಕಟೆ ಮುಂದೆ ನೂಕುವುದು. ಮಲಕಪ್ಪ ಹುಟ್ಟಾ ಆಸೆಬುರುಕ, ತಿನ್ನದೆ ಬಿಡುವುದಿಲ್ಲ. ತಿಂದ ಸೊಕ್ಕಿನಲ್ಲಿ ಮಂತ್ರಿಯನ್ನು ತಂದು ನನ್ನ ರಾಜನಿಗೆ ಶಹ, ಅಂದರೆ ಚೆಕ್, ಕೊಡುತ್ತಾನೆ. ಊರ ಆಟದಲ್ಲಿ ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ಹಾರಿ ಪಾರಾಗುತ್ತೇನೆ, ಅವನ ಮಂತ್ರಿಯನ್ನು ಅಟ್ಟಾಡಿಸಿ ಹೊಡೆಯುತ್ತೇನೆ.

ಅಂದುಕೊಂಡಂತೆಯೇ ತಿಂದ. ಶಹ ಕೊಟ್ಟ. ನಾನು ರಾಜನನ್ನು ಹಾರಿಸಿದೆ. ಅದು ತಿರುಗಿ ತನ್ನ ಮನೆಗೇ ಬಂದು ಕುಳಿತಿತು. ಮತ್ತೆ ಹಾರಿಸಿದೆ, ಮತ್ತೆ ಬಂತು. ಮೌಸನ್ನು ಮೇಜಿಗೆ ಕುಟ್ಟಿದೆ.

"ಅಪ್ಪಾ, ಇದರಾಗ ರಾಜ ಹಾರೂದಿಲ್ರಿ. ಒಂದ ಮನಿ ಸರಸ್ರಿ, ಟೈಮ್ ಹೊಂಟದ," ಎಂದಳು ಸ್ನೇಹಲ್.

ಈ ಕಂಪ್ಯೂಟರ್ ಡಬ್ಬಿ ಮಾಡಿದವನ ಅಜ್ಜ ಹುಟ್ಟುವ ಮೊದಲಿನಿಂದ ನಮ್ಮೂರಲ್ಲಿ ರಾಜ ಹಾರುತ್ತಿದ್ದಾನೆಂದು ಅವಳಿಗೆ ತಿಳಿಸಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ವೇಳೆ ಮುಗಿದು, ನಾನು ಸೋತೆನೆಂದು ಪರದೆಯ ಮೇಲೆ ಬಂತು.

ಮಲಕಪ್ಪನಿಗೆ ಫೋನ್ ಹಚ್ಚಿ ಮೋಸಗಾರ ಎಂದು ಬೈದೆ. ಅವನು ತಣ್ಣಗೆ ಕೇಳಿಕೊಂಡ.

"ಮಾವಾರ, ನೀವು ಯಾಕ ಹಾರಸ್ವಲ್ರಿ ಅಂತ ನಾನೂ ನೋಡಕೋತ ಕುಂತಿದ್ದೆ. ಹಾರಿದಲ್ಲೇ ಹಿಡಿಯಾಕ ನನ್ನ ಒಂಟೆ ತಯಾರ ಇತ್ತು."

"ಹಿಡೀತಿ ನೀ! ಚದುರಂಗದ ಹಲಗಿ ತಗೊಂಡ ಅಲ್ಲಿಗೇ ಬರ್ತೀನಿ, ಹಿಡದ ತೋರಸು."

ಫೋನ್ ಇಟ್ಟು ತಿರುಗಿದರೆ ತ್ರಿವೇಣಿ ಡಬ್ಬಿ ಹಿಡಿದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ನಾನು ಸೋತು ಹೋಗುತ್ತಿಲ್ಲ, ಅರ್ಧಕ್ಕೆ ನಿಂತ ಆಟ ಮುಗಿಸಲು ಹೋಗುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಹೇಳಿದೆ.

"ಹೌದ್ರಿ," ಎಂದಳು. "ಸಾವಕಾಶ ಮುಗಸ್ರಿ. ಪಂಚಮಿ ಮುಗಿಯೂತನ ಆಡ್ರಿ."