ಸಿಸ್ಟರಮ್ಮ ಹೇಳಿದ್ದು

"ಅಯ್ಯೋ, ಅದು ಅಳು ಅಲ್ಲ ಕಣ್ರೀ, ನಗು!" ಎನ್ನುತ್ತಾ ಸಿಸ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಊರಿನ ಮುಚ್ಚಿದ ಆಸ್ಪತ್ರೆಯ ಬಗ್ಗೆ ತೆಗೆದ ಸಿನಿಮಾ ಅದು. ತೆರೆಯ ಮೇಲೆ, ಅಲ್ಲಿ ನರ್ಸಾಗಿದ್ದ ಅವಳದೇ ಮುಖ ಗೋಡೆಯಗಲ ಹರಡಿಕೊಂಡು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿತ್ತು. ಹಿಂದೆ ಪಿಟೀಲು ಕೊಯ್ಯುತ್ತಿತ್ತು. ಅದಕ್ಕೂ ಮುಂಚೆ ಆ ಮುಖ ಹೇಳಿತ್ತು: "ಮಂತ್ರಿ ಆಸ್ಪತ್ರೆ ಮುಚ್ಚಿಸಿದ, ಜನ ದಾರೀಲೇ ಸತ್ರು."

ಅವಳು ಹೇಳಿದ್ದು ಬೇರೆ. ಆ ಮಾತಿನ ಬೆನ್ನಿಗೇ, ಹಾಗಂತ ಊರೆಲ್ಲ ಅನ್ನುತ್ತೆ, ಅದು ಸುಳ್ಳು, ಮುಚ್ಚಿಸಿದ್ದು ಹಿಂದಿನ ಸರ್ಕಾರದವರು. ಈ ಮಂತ್ರಿ ತೆರೆಸ್ತೀನಿ ಅಂತ ಓಟು ತಗೊಂಡು ಆ ಕಡೆ ತಲೆ ಹಾಕಲಿಲ್ಲ, ಅದು ಇವನ ತಪ್ಪು ಎಂದಿದ್ದಳು. ಕಣ್ಣೀರು ಬಂದದ್ದು ಇಂಜೆಕ್ಷನ್ನಿಗೆ ಹೆದರಿ ಹಾಸಿಗೆ ಸಮೇತ ಓಡಿಹೋದ ಮುದುಕನ ಕಥೆ ಹೇಳಿ ನಕ್ಕಾಗ.

ದೀಪ ಹತ್ತಿದ ಕೂಡಲೇ ಎದುರುಮನೆಯಾಕೆ ಬಂದು ತಬ್ಬಿಕೊಂಡಳು. ಆಸ್ಪತ್ರೆ ಮುಚ್ಚಿದ ಮೇಲೆ ಅವಳ ತಾಯಿ ಆಂಬುಲೆನ್ಸಿನಲ್ಲೇ ತೀರಿಹೋಗಿದ್ದಳು. "ನಮ್ಮಮ್ಮನ ಪರವಾಗಿ ನೀವಾದ್ರೂ ಬಾಯಿ ಬಿಟ್ರಲ್ಲ ಸಿಸ್ಟರಮ್ಮ." ಆ ತೋಳುಗಳ ನಡುವೆ ನಿಂತು ಏನೆಂದು ಬಿಡಿಸಿ ಹೇಳುವುದು?

ಮರುದಿನ ನಿರ್ದೇಶಕನ ಕಚೇರಿಗೆ ಹೋದಳು. ಅವನು ಕುರ್ಚಿ ಕೊಟ್ಟ, ಕಾಫಿ ಕೊಟ್ಟ, ಗೌರವವಾಗಿಯೇ ಮಾತಾಡಿದ.

"ಮೇಡಂ, ನೀವು ಆಡದ ಮಾತು ಒಂದಾದ್ರೂ ಹಾಕಿದೀವಾ?"

"ಇಲ್ಲಪ್ಪ. ಆದ್ರೆ ನಾನು ಆಡಿದ ಮಾತೇ ಅದ್ರಲ್ಲಿಲ್ಲ."

"ಚುನಾವಣೆ ಹತ್ರ ಬಂತು. ಜನಕ್ಕೆ ಉದ್ದುದ್ದ ಹೇಳಿದ್ರೆ ತಲೆಗೆ ಹೋಗಲ್ಲ. ಒಟ್ಟು ಸತ್ಯ ಅದೇ ತಾನೆ?"

"ಸತ್ಯದಲ್ಲಿ ಒಟ್ಟು, ಚಿಲ್ಲರೆ ಅಂತ ಇರುತ್ತೇನಪ್ಪ? ಪೂರ್ತಿ ಹಾಕು, ಇಲ್ಲ ನನ್ನ ತೆಗೆದುಹಾಕು."

"ಸಿನಿಮಾ ಈಗ ನನ್ನ ಕೈಲಿಲ್ಲ," ಎಂದು ಅವನು ಫೋನು ಎತ್ತಿಕೊಂಡ.

ಇತ್ತ ಕೊಡಲಿ ಬಿದ್ದದ್ದು ತಂಗಿಯ ಮನೆಯ ಮೇಲೆ. ತಂಗಿಯ ಗಂಡ ಮಂತ್ರಿಯ ಕಾರು ಓಡಿಸುತ್ತಿದ್ದ. ನಾಳೆಯಿಂದ ಬರಬೇಡ ಎಂದರು. "ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತಕ್ಕ?" ಎಂದು ತಂಗಿ ಫೋನಿನಲ್ಲೇ ಹರಿಹಾಯ್ದಳು. ಕೊನೆಗೆ ಅವಳ ಗಂಡನೇ ಯಾರ್ಯಾರನ್ನೋ ಹಿಡಿದು ಮಂತ್ರಿಯ ಕಡೆಯ ಕ್ಯಾಮೆರಾದವರನ್ನು ಅಕ್ಕನ ಮನೆಗೆ ಕರೆತಂದ. ಸಿಸ್ಟರಮ್ಮ ತಲೆ ಬಾಚಿಕೊಂಡು ಕೂತು, ಮಗುವಿಗೆ ಪಾಠ ಹೇಳುವಂತೆ, ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿದಳು. ಅವರು "ಭೇಷ್" ಎಂದು ಹೊರಟರು.

ವಾರದೊಳಗೆ ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡಿತು. "ಅದು ಸುಳ್ಳು. ಮುಚ್ಚಿಸಿದ್ದು ಹಿಂದಿನವರು." ಅಲ್ಲಿಗೆ ಮುಗಿಯಿತು. ಆಮೇಲೆ ಸಿಸ್ಟರಮ್ಮನ ನಗುಮುಖ, ಮಂತ್ರಿಯ ಪಕ್ಷದ ಬಾವುಟ.

ಸಿಸ್ಟರಮ್ಮ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಅದು ಅಲ್ಲಿಯೂ ಬಡಿದುಕೊಂಡಿತು. ತಂಗಿ.

"ಇವರನ್ನ ಕೆಲಸಕ್ಕೆ ವಾಪಸ್ ಕರೆದ್ರು ಅಕ್ಕ. ಕೈಮುಗೀತೀನಿ, ಇನ್ನು ಒಂದು ಮಾತೂ ಆಡ್ಬೇಡ."

"ಇಷ್ಟು ದಿನ ನಾನು ಆಡಿದ್ದಾದ್ರೂ ಎಲ್ಲಿ ಕಣೇ!"

ಬೀದಿಗೆ ಇಳಿದರೆ ಎದುರುಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಹಾಲಿನವನೂ ಮುಖ ನೋಡಲಿಲ್ಲ. ಮನೆಗೆ ಹಿಂತಿರುಗಿ ಬಾಗಿಲು ಹಾಕಿಕೊಂಡಳು. ತಂಗಿಯ ಮಾತು ನೆನಪಾಯಿತು, ಅವಳ ಗಂಡನ ಕೆಲಸ ನೆನಪಾಯಿತು. ಆದರೂ ಅಗುಳಿ ತೆಗೆದಳು. ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಎದುರುಮನೆಯ ಬಾಗಿಲು ಬಡಿದಳು.

ಎದುರುಮನೆಯಾಕೆ ಬಾಗಿಲನ್ನು ಅರ್ಧ ತೆರೆದಳು. "ಯಾವ ಸಿಸ್ಟರಮ್ಮ ಬಂದಿರೋದು? ಅತ್ತೋಳಾ, ನಕ್ಕೋಳಾ?"

"ಇಬ್ರನ್ನೂ ಸುಡು. ನಾನು ಹೇಳಿದ್ದನ್ನ ಕೊನೇವರೆಗೂ ಕೇಳು. ಆಮೇಲೆ ಬೇಕಾದ್ರೆ ಬಾಗಿಲು ಹಾಕ್ಕೊ. ನಿನಗೆ ಇಷ್ಟ ಆಗೋದೂ ಇದೆ, ಇಷ್ಟ ಆಗದ್ದೂ ಇದೆ."

ಅವಳು ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಹೊಸಿಲ ಬಳಿಯೇ ನಿಂತು ಸಿಸ್ಟರಮ್ಮ ಶುರು ಮಾಡಿದಳು. ಎದುರುಮನೆಯಾಕೆ ಬೆನ್ನು ತಿರುಗಿಸಿ, ಒಣಗಿದ ಬಟ್ಟೆಯ ರಾಶಿಯಿಂದ ಒಂದೊಂದೇ ಎತ್ತಿ ಮಡಿಸತೊಡಗಿದಳು. "ಹಿಂದಿನವರು" ಎಂದಾಗ ಕೈ ನಿಂತಿತು. "ಇವನೂ ತೆರೆಸಲಿಲ್ಲ" ಎಂದಾಗ ಮತ್ತೆ ಮಡಿಸಿದಳು.

ಬಟ್ಟೆಗಳ ಅಡಿಯಲ್ಲಿ ದೊಡ್ಡದೊಂದು ಹೊದಿಕೆ ಉಳಿದಿತ್ತು. ಒಬ್ಬಳ ಕೈಗೆ ಮೀರಿದ್ದು. ಸಿಸ್ಟರಮ್ಮ ಮಾತು ನಿಲ್ಲಿಸದೆ ಒಳಗೆ ಬಂದು ಅದರ ಎರಡು ತುದಿ ಹಿಡಿದಳು. ಇಬ್ಬರೂ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದರು.